ವಿಯೆನ್ನಾ ನೋಡಿ ಬಂದವಳು

ಇಲ್ಲ ಇಲ್ಲ ಭಾನುಮತಿ ಆಂಟಿ, ಅದು ವೆನಿಸ್ಸು! ಬೀದಿ ತುಂಬಾ ನೀರು, ಮನೆ ಬಾಗಿಲಿಗೇ ದೋಣಿ ಬರುತ್ತೆ ಅಂತಾರಲ್ಲ, ಅದು ವೆನಿಸ್ಸು. ನಾನಿದ್ದಿದ್ದು ವಿಯೆನ್ನಾ. ಆಸ್ಟ್ರಿಯಾ ದೇಶದ ರಾಜಧಾನಿ... ಅಯ್ಯೋ, ಆಸ್ಟ್ರೇಲಿಯಾ ಅಲ್ಲ ಆಂಟಿ, ಆಸ್ಟ್ರಿಯಾ! ಕಾಂಗರೂ ಇರೋದು ಆಸ್ಟ್ರೇಲಿಯಾದಲ್ಲಿ. ಯಾಕೆ ನಗ್ತೀರಾ? ನಗಿ, ನಗಿ, ಪರವಾಗಿಲ್ಲ. ಹೊರಡೋಕೆ ಮುಂಚೆ ನಾನೂ ಮ್ಯಾಪ್ ತೆಗೆದು ಹುಡುಕಿದವಳೇ.

ಎದ್ದೇಳಬೇಡಿ, ಕೂತ್ಕೊಳ್ಳಿ. ನನಗೆ ಏನೂ ಬೇಡ. ಊಟ ಆಯ್ತು... ಹೂಂ, ಆಯ್ತು.

ನಿಧೀನಾ? ಮಲಗಿದಾಳೆ. ಈಗ ತಾನೇ ಮಗೂನ ಮಲಗಿಸಿ ಬಂದೆ. ಇವರಿದಾರಲ್ಲ ಕೆಳಗೆ. ಶನಿವಾರ ಆದ್ರೂ ಕಂಪ್ಯೂಟರ್ ಮುಂದೆ ಕೂತಿದಾರೆ. ಡಿಸೆಂಬರ್ ಮೂವತ್ತೊಂದರ ರಾತ್ರಿ ಎರಡು ಸಾವಿರ ಇಸವಿ ಹುಟ್ಟಿದ ಕೂಡಲೇ ಪ್ರಪಂಚದ ಕಂಪ್ಯೂಟರ್ ಎಲ್ಲಾ ನಿಂತುಹೋಗುತ್ತೆ, ಬ್ಯಾಂಕು ಮುಚ್ಚಿಹೋಗುತ್ತೆ, ವಿಮಾನ ಕೆಳಗೆ ಬೀಳುತ್ತೆ ಅಂತ ಇವರ ಆಫೀಸಲ್ಲಿ ಎಲ್ಲರಿಗೂ ದೆವ್ವ ಹಿಡಿದ ಹಾಗಾಗಿದೆ. ನಿಮ್ಮ ರಾಜ್‌ಗೂ ಹಾಗೇನಾ? ಆಫೀಸಿಗೆ ಹೋಗಿದಾರಾ? ನೋಡಿ ಮತ್ತೆ.

ಬಂದು ನಾಲ್ಕು ದಿನ ಆಯ್ತು, ಒಂದು ಸಲ ಮೆಟ್ಟಿಲು ಹತ್ತಿ ಬರೋಕೆ ಆಗ್ಲಿಲ್ಲ. ನೀವು ಏನು ಅಂದ್ಕೊಂಡ್ರೋ! ಜೆಟ್ ಲ್ಯಾಗ್ ಆಂಟಿ. ಮಧ್ಯಾಹ್ನ ಮೂರಕ್ಕೆಲ್ಲ ಕಣ್ಣು ಎಳೆಯುತ್ತೆ. ಮನೆ ಬೇರೆ... ಇವರು ಒಬ್ಬರೇ ಇದ್ದ ಮನೆ ಹೇಗಿರುತ್ತೆ ನಿಮಗೆ ಗೊತ್ತಲ್ಲ. ಅದೇ, ಅದರಲ್ಲೇ ದಿನ ಹೋಗ್ಬಿಡ್ತು. ತಗೊಳ್ಳಿ, ಇದು ನಿಮಗೆ ಅಂತ ತಂದಿದ್ದು. ಚಾಕೊಲೇಟು. ಒಳಗೆ ಬಾದಾಮಿ ಇದೆ, ಮೊಟ್ಟೆ ಇಲ್ಲ, ಕೇಳಿಯೇ ತಗೊಂಡೆ.

ಚೆನ್ನಾಗಿತ್ತಾ ಅಂತ ಕೇಳ್ತೀರಾ? ಊರು? ಊರು ಚೆನ್ನಾಗಿಲ್ಲದೆ ಏನು ಆಂಟಿ. ಊರಿಗೆ ಏನು ಬಂತು!

ಮೈಸೂರು ಅರಮನೆ ನೋಡಿದೀರಲ್ಲ? ಅಂಥದ್ದು ಬೀದಿಗೊಂದು. ತಮಾಷೆಗೆ ಹೇಳ್ತಿಲ್ಲ. ಲೈಬ್ರರಿ ಅಂತಾರೆ, ಅರಮನೆ. ಮ್ಯೂಸಿಯಂ ಅಂತಾರೆ, ಅರಮನೆ. ಅಂಚೆ ಕಚೇರಿ ಅಂತ ಒಳಗೆ ಹೋದೆ, ಅದೂ ಅರಮನೆ! ಕುದುರೆ ಗಾಡಿ ಇನ್ನೂ ಓಡ್ತವೆ ಅಲ್ಲಿ. ಮೈಸೂರಿನ ಟಾಂಗಾ ಥರ ಅಲ್ಲ, ದೊಡ್ಡದು, ಎರಡು ಕುದುರೆ ಕಟ್ಟಿರ್ತಾರೆ. ಓಡಿಸೋನು ತಲೆಗೆ ದುಂಡು ಹ್ಯಾಟು ಹಾಕ್ಕೊಂಡು ಮದುವೆ ಗಂಡಿನ ಹಾಗೆ ಕೂತಿರ್ತಾನೆ. ಕಾಫಿ ಕೊಟ್ರೆ ತಟ್ಟೆಯಲ್ಲಿ ಜೊತೆಗೆ ಒಂದು ಲೋಟ ನೀರು ಇಟ್ಟು ಕೊಡ್ತಾರೆ ಆಂಟಿ, ನಮ್ಮ ಕಡೆ ಹೋಟೆಲಲ್ಲಿ ಕೊಡೋ ಹಾಗೇನೇ. ಮೊದಲ ದಿನ ಅದನ್ನ ನೋಡಿ ನನಗೆ ಎಷ್ಟು ಖುಷಿ ಆಯ್ತು! ಇವರ ಕೈ ಹಿಡ್ಕೊಂಡು, "ರೀ, ನೀರು ಕೊಟ್ರು ರೀ" ಅಂತ... ಪಕ್ಕದ ಟೇಬಲ್ ಮುದುಕಿ ತಿರುಗಿ ನೋಡಿದ್ಲು.

ಹೂಂ. ಮೊದಲ ಎರಡು ದಿನ ಹಾಗಿತ್ತು. ನಿಜವಾಗಲೂ ಹಾಗಿತ್ತು.

ಇವರಿಗೆ ಅಲ್ಲಿ ಆಫೀಸಿನ ಟ್ರೇನಿಂಗ್ ಇತ್ತಲ್ಲ, ಮಧ್ಯಾಹ್ನಕ್ಕೆ ಮುಗೀತಿತ್ತು. ಆಮೇಲೆ ಇಬ್ಬರೂ ತಿರುಗೋದು. ಒಂದು ದೊಡ್ಡ ರಾಟವಾಳ ಇದೆ, ಒಂದೊಂದು ತೊಟ್ಟಿಲೂ ರೈಲಿನ ಡಬ್ಬಿಯಷ್ಟು. ಮೇಲೆ ಹೋದಾಗ ಊರೆಲ್ಲಾ ಕಾಣುತ್ತೆ. ಇವರು ನನ್ನ ಹೆಗಲ ಮೇಲೆ ಕೈ ಹಾಕಿ, "ಮುಂದಿನ ಸಲ ನಿಧೀನೂ ಕರ್ಕೊಂಡು ಬರೋಣ" ಅಂದ್ರು. ನಾನು, "ಅವಳು ಹೆದರ್ಕೋತಾಳೆ" ಅಂದೆ. ಏನೇನೋ ಮಾತಾಡಿದ್ವಿ. ಮದುವೆಯಾಗಿ ಅಮೆರಿಕಾಕ್ಕೆ, ಈ ಮಾನ್ಮತ್ ಜಂಕ್ಷನ್ನಿಗೆ ಬಂದು ಮೂರು ವರ್ಷ, ಇವರ ಜೊತೆ ಅಷ್ಟು ಹೊತ್ತು ಮಾತಾಡಿದ್ದು ಅದೇ ಮೊದಲು ಅನ್ಸುತ್ತೆ. ಬೆಳಿಗ್ಗೆ ಕತ್ತಲಲ್ಲಿ ನ್ಯೂಯಾರ್ಕಿನ ಟ್ರೇನ್ ಹಿಡಿಯೋರು, ಸಂಜೆ ಕತ್ತಲಲ್ಲಿ ಬರೋರು. ನನ್ನ ವೀಸಾದಲ್ಲಿ ಕೆಲಸ ಮಾಡೋ ಹಾಗಿಲ್ಲ, ಕಾರ್ ಓಡಿಸೋಕೆ ಬರಲ್ಲ. ನೀವು ಮೇಲೆ ಇಲ್ದೆ ಹೋಗಿದ್ರೆ ನಾನು ಯಾರ ಜೊತೆ ಮಾತಾಡ್ತಿದ್ದೆ?

ನೀವೇ ತಾನೆ ನನ್ನನ್ನ ಹೊರಡಿಸಿದ್ದು! ನೆನಪಿದೆಯಾ? ಹೊರಡೋ ಹಿಂದಿನ ದಿನ ನಿಧಿ ಕಿವಿ ಹಿಡ್ಕೊಂಡು ಕಿರುಚೋಕೆ ಶುರು ಮಾಡಿದ್ಲು. ಡಾಕ್ಟ್ರು ಕಿವಿಯೊಳಗೆ ಲೈಟ್ ಬಿಟ್ಟು ನೋಡಿ, ಇನ್ಫೆಕ್ಷನ್ನು, ವಿಮಾನ ಹತ್ತಿಸಲೇಬೇಡಿ ಅಂದ್ಬಿಟ್ರು. ನಾನು ಸೂಟ್‌ಕೇಸ್ ಬಿಚ್ಚೋಕೆ ಕೂತಿದ್ದೆ. ನೀವು ಕೆಳಗೆ ಬಂದ್ರಿ. "ಸೌಜನ್ಯಾ, ಐದು ದಿನ ತಾನೆ? ಹೋಗ್ಬಾ ಕಣವ್ವ. ಕಿವೀಗೆ ಔಷಧಿ ಬಿಡೋಕೆ ನನಗೆ ಬರಾಕಿಲ್ವಾ? ರಾಜನ್ನ ಸಾಕ್ಲಿಲ್ವಾ ನಾನು?" ಅಂದ್ರಿ...

ಅಯ್ಯೋ, ಇಲ್ಲ ಆಂಟಿ! ದೂರ್ತಿಲ್ಲ. ದೇವರಾಣೆಗೂ ದೂರ್ತಿಲ್ಲ. ಯಾಕೆ ಹಾಗೆ ತಲೆ ತಗ್ಗಿಸ್ತೀರಾ? ನೀವು ಇದ್ದಿದ್ದಕ್ಕೆ ಆಯ್ತು. ನೀವೇ ಇಲ್ದಿದ್ರೆ ಮುಂದೆ ಆಗಿದ್ದಕ್ಕೆ ಯಾರು ದಿಕ್ಕಿದ್ರು ನಮಗೆ?

ಹೇಳ್ತೀನಿ ತಾಳಿ. ಫೋನಲ್ಲಿ ಎಷ್ಟು ಹೇಳೋಕಾಗುತ್ತೆ? ಫೋನ್ ಕಾರ್ಡಿನ ದುಡ್ಡು ಮುಗಿದುಹೋಗ್ತಿತ್ತು, ಅರ್ಧ ಮಾತು ಅಲ್ಲೇ ಉಳೀತಿತ್ತು.

ಮೂರನೇ ದಿನ. ಊರ ನಡುವೆ ಒಂದು ಚರ್ಚು. ಏನು ಎತ್ತರ ಅಂತೀರಾ! ಕತ್ತೆತ್ತಿ ನೋಡಿದ್ರೆ ಟೋಪಿ ಬೀಳುತ್ತೆ. ಮಾಡಿಗೆಲ್ಲ ಬಣ್ಣಬಣ್ಣದ ಹೆಂಚು, ನಮ್ಮ ಕೌದಿ ಹೊದಿಸಿದ ಹಾಗೆ. ಆವತ್ತು ಇವರ ಟ್ರೇನಿಂಗ್ ತಡವಾಗಿ ಮುಗಿಯೋದಿತ್ತು, ನಾಲ್ಕಕ್ಕೆ ಬಾಗಿಲ ಹತ್ತಿರ ಸಿಗ್ತೀನಿ ಅಂದಿದ್ರು. ನಾನು ಒಳಗೆ ಹೋದೆ. ಕತ್ತಲೆ, ತಂಪು, ಸಾಲಾಗಿ ಮೋಂಬತ್ತಿ ಉರೀತಿತ್ತು. ಒಂದು ಕಡೆ ತಾಯಿ ಮಗು ಚಿತ್ರ. ಜನ ಅದರ ಮುಂದೆ ಮಂಡಿಯೂರಿ ಕೂತಿದ್ರು. ನಾನೂ ಹೋಗಿ ಕೂತೆ ಆಂಟಿ. ಯಾವ ದೇವರಾದ್ರೇನು ಅಂತ. ಬ್ಯಾಗನ್ನ ಪಕ್ಕದಲ್ಲಿಟ್ಟೆ, ಕಣ್ಣು ಮುಚ್ಚಿದೆ, ಕೈ ಮುಗಿದೆ. ಇವಳ ಕಿವಿ ನೋವು ವಾಸಿಯಾಗಲಪ್ಪಾ, ನನ್ನನ್ನ ಹುಡುಕದೆ ನಿದ್ದೆ ಮಾಡಲಪ್ಪಾ... ಇಷ್ಟೇ ಕೇಳ್ಕೊಂಡಿದ್ದು.

ಕಣ್ಣು ಬಿಟ್ಟೆ. ಬ್ಯಾಗಿಲ್ಲ.

ಮೊದಲು ನನಗೆ ಅರ್ಥಾನೇ ಆಗ್ಲಿಲ್ಲ. ನಾನೇ ಆಚೆ ಕಡೆ ಇಟ್ಟೆನಾ ಅಂತ ನೋಡಿದೆ. ಬೆಂಚಿನ ಕೆಳಗೆ ಬಗ್ಗಿ ನೋಡಿದೆ. ಪಕ್ಕದಲ್ಲಿ ಒಬ್ಬಳು ಮಂಡಿಯೂರಿದ್ಲಲ್ಲ, ಅವಳೂ ಇಲ್ಲ. ಕೂಗೋಣ ಅಂದ್ರೆ ದೇವಸ್ಥಾನದ ಒಳಗೆ ಹೇಗೆ ಕೂಗೋದು? ಯಾವ ಭಾಷೆಯಲ್ಲಿ ಕೂಗೋದು? ಬಾಗಿಲಲ್ಲಿದ್ದವನ ಹತ್ತಿರ ಓಡಿಹೋಗಿ, "ಬ್ಯಾಗ್, ಬ್ಯಾಗ್, ಪಾಸ್‌ಪೋರ್ಟ್" ಅಂದೆ. ಅವನು ಬಾಯಿಗೆ ಬೆರಳಿಟ್ಟು ಷ್... ಅಂದ.

ಇವರ ಪಾಸ್‌ಪೋರ್ಟೂ ದಿನಾ ಅದೇ ಬ್ಯಾಗಲ್ಲೇ ಇರ್ತಿತ್ತು. ಆವತ್ತು ಬೆಳಿಗ್ಗೆ ಟ್ರೇನಿಂಗ್ ಬಿಲ್ಡಿಂಗಲ್ಲಿ ಕೇಳ್ತಾರೆ ಅಂತ ತಮ್ಮದು ತೆಗೆದು ಜೇಬಿಗೆ ಹಾಕ್ಕೊಂಡಿದ್ರು. ಹಾಗಾಗಿ ಇವರದ್ದು ಉಳೀತು. ನನ್ನದು ಹೋಯ್ತು. ವೀಸಾ ಇದ್ದಿದ್ದೂ ಅದರಲ್ಲೇ.

ಪೊಲೀಸಿನವರು ಒಳ್ಳೆಯವರೇ, ಕೂರಿಸಿ ಬರ್ಕೊಂಡ್ರು. ಆದ್ರೆ ಬರ್ಕೊಂಡ್ರೆ ಪಾಸ್‌ಪೋರ್ಟ್ ಬರುತ್ತಾ? ಹೊಸದು ಮಾಡಿಸಬೇಕು, ಅದಕ್ಕೆ ಇಂಡಿಯಾದಿಂದ ಹೌದು, ಇವಳು ನಮ್ಮವಳೇ ಅಂತ ಬರಬೇಕು. ಅದು ಬಂದ್ಮೇಲೆ ಅಮೆರಿಕಾ ವೀಸಾ ಮತ್ತೆ ಮೊದಲಿಂದ. ಎಷ್ಟು ದಿನ ಆಗಬಹುದು ಅಂತ ಕೇಳಿದ್ರೆ, ಯಾರ ಮೇಲೂ ತಪ್ಪು ಹೊರಿಸೋ ಹಾಗಿಲ್ಲ ಆಂಟಿ, ಎಲ್ಲರೂ ಪಾಪ, "ನೋಡೋಣಮ್ಮ" ಅನ್ನೋರೇ.

ಇವರು ಇರ್ತೀನಿ ಅಂದ್ರು. ನಾನೇ ಕಳಿಸಿದೆ. ಇಲ್ಲಿ ಮಗು, ಅಲ್ಲಿ ಆಫೀಸಿನವರ ಫೋನು. ಕೆಲಸ ಹೋದ್ರೆ ಇವರ ವೀಸಾನೂ ಹೋಗುತ್ತೆ, ನನ್ನದು ಅದಕ್ಕೇ ತಾನೆ ಅಂಟಿಕೊಂಡಿರೋದು? ಏರ್‌ಪೋರ್ಟಲ್ಲಿ ಗಾಜಿನ ಆಚೆ ಹೋದ್ರು ಇವರು. ನಾನು ಈಚೆ. ತಿರುಗಿ ತಿರುಗಿ ಕೈ ಮಾಡಿದ್ರು. ನನಗೆ ಒಂದೇ ಯೋಚನೆ. ಇನ್ನು ಹತ್ತು ಹನ್ನೆರಡು ಗಂಟೆಯಲ್ಲಿ ಈ ಮನುಷ್ಯ ನನ್ನ ಮಗೂನ ಎತ್ತಿಕೊಳ್ತಾನೆ. ನಾನೂ ಅದೇ ವಿಮಾನದ ಟಿಕೆಟ್ ಇಟ್ಕೊಂಡಿದ್ದೆ, ಕೈಯಲ್ಲೇ ಇತ್ತು. ಪ್ರಯೋಜನ ಇಲ್ಲ.

ನೀರು ಕೊಡಿ ಒಂದು ಲೋಟ. ಇಲ್ಲ, ನೀವು ಕೂತ್ಕೊಳ್ಳಿ, ನಾನೇ ತಗೋತೀನಿ.

...ಹೂಂ. ಎಲ್ಲಿದ್ದೆ? ಲೀಲಮ್ಮ. ಲೀಲಮ್ಮನ ಬಗ್ಗೆ ಹೇಳಿದ್ದೆನಲ್ಲ ಫೋನಲ್ಲಿ, ಕೇರಳದ ನರ್ಸು. ಪಾಸ್‌ಪೋರ್ಟಿನ ಕ್ಯೂನಲ್ಲಿ ಸಿಕ್ಕಿದ್ರು. ಇಪ್ಪತ್ತು ವರ್ಷದಿಂದ ಅಲ್ಲಿದಾರಂತೆ. ನನ್ನ ಮುಖ ನೋಡಿದವರೇ ಏನಾಯ್ತು ಮೋಳೆ, ಅಂದ್ರೆ ಏನಾಯ್ತು ಮಗಳೇ ಅಂತ ಕೇಳಿ, ಸಂಜೆಗೆ ಅವರ ಮನೆಗೇ ಕರ್ಕೊಂಡು ಹೋದ್ರು. ಅನ್ನ, ಮಜ್ಜಿಗೆ ಹುಳಿ ಥರ ಒಂದು ಸಾರು ಮಾಡಿ ಹಾಕಿದ್ರು. ಒಂದೂವರೆ ತಿಂಗಳು ಇಟ್ಕೊಂಡ್ರು ಆಂಟಿ. ಯಾರು ಇಟ್ಕೋತಾರೆ ಹೇಳಿ?

ಆದ್ರೆ ಅವರು ಬೆಳಿಗ್ಗೆ ಡ್ಯೂಟಿಗೆ ಹೋದ್ರೆ ಆ ಮನೆಯಲ್ಲಿ ನಾನು, ಗೋಡೆ, ಗಡಿಯಾರ. ಎರಡು ದಿನ ಹಾಸಿಗೆಯಿಂದ ಏಳಲಿಲ್ಲ. ಮೂರನೇ ದಿನ ಅವರು ನನ್ನ ಕೋಟು ತಂದು ಮೈ ಮೇಲೆ ಎಸೆದ್ರು. "ಇಲ್ಲಿ ಕೂತ್ರೆ ನಿನಗೆ ಹುಚ್ಚು ಹಿಡಿಯುತ್ತೆ. ಈ ಊರು ನೋಡೋಕೆ ಅಂತ ಪ್ರಪಂಚದ ಎಲ್ಲಾ ಕಡೆಯಿಂದ ಜನ ಬರ್ತಾರೆ. ಹೋಗು, ಊರು ನೋಡು" ಅಂದ್ರು.

ಹೋದೆ. ದಿನಾ ಹೋದೆ. ಟ್ರಾಮ್ ಹತ್ತೋದು, ಯಾವುದು ಬಂದ್ರೆ ಅದು. ಕೊನೇ ಸ್ಟಾಪ್ ತನಕ ಹೋಗೋದು, ವಾಪಸ್ ಬರೋದು. ಆ ಊರಲ್ಲಿ ನಾನು ನೋಡದೇ ಇರೋದು ಯಾವುದೂ ಇಲ್ಲ ಆಂಟಿ. ಟೂರಿಸ್ಟ್‌ಗಳು ನಾಲ್ಕು ದಿನದಲ್ಲಿ ನೋಡಿ ಓಡ್ತಾರೆ, ನಾನು ಒಂದೊಂದನ್ನ ಹತ್ತು ಸಲ ನೋಡಿದೀನಿ. ಹಳದಿ ಬಣ್ಣದ ಬೇಸಿಗೆ ಅರಮನೆ ಇದೆ, ಹದಿನಾರು ಮಕ್ಕಳನ್ನ ಹೆತ್ತ ರಾಣಿ ಇದ್ದಿದ್ದಂತೆ ಅಲ್ಲಿ. ಕೋಣೆ ಕೋಣೆಯಲ್ಲೂ ಮಕ್ಕಳ ಚಿತ್ರ. ದೇಶನೂ ಆಳಿದ್ಲಂತೆ, ಮಕ್ಕಳನ್ನೂ ಹೆತ್ತಳಂತೆ. ಗೈಡ್ ಹೇಳ್ತಿದ್ಲು, ಒಬ್ಬೊಬ್ಬ ಮಗಳನ್ನೂ ಒಂದೊಂದು ದೇಶಕ್ಕೆ ಕೊಟ್ಟು ಕಳಿಸಿದ್ಲು, ಕೆಲವರನ್ನ ಮತ್ತೆ ನೋಡಲೇ ಇಲ್ಲ ಅಂತ. ಎಲ್ಲರೂ ಫೋಟೋ ತಗೊಂಡು ಮುಂದಕ್ಕೆ ಹೋದ್ರು. ನಾನು ಅಲ್ಲೇ ನಿಂತ್ಬಿಟ್ಟೆ. ಕಾವಲುಗಾರ ಬಂದು ಏನೋ ಹೇಳ್ದ. ಮುಚ್ಚೋ ಹೊತ್ತು ಅಂತ ಆಮೇಲೆ ಗೊತ್ತಾಯ್ತು.

ಆ ಅರಮನೆ ತೋಟದಲ್ಲೇ ಒಂದು ಝೂ ಇದೆ. ಅಲ್ಲಿ ಜಾಸ್ತಿ ಹೋಗ್ತಿದ್ದೆ. ಇವಳಿಗೆ ಹೇಳೋಣ ಅಂತ ಎಲ್ಲಾ ನೋಡಿ ಇಟ್ಕೋತಿದ್ದೆ. ಜಿರಾಫೆ ನಾಲಿಗೆ ಕಪ್ಪಗಿರುತ್ತೆ, ಗೊತ್ತಾ ನಿಮಗೆ? ಹಿಮಕರಡಿ ನೀರಿಗೆ ಬಿದ್ದಾಗ ಮೈ ಹೇಗೆ ಅಲ್ಲಾಡುತ್ತೆ ಅಂತ ಮನೆಗೆ ಬಂದು ಕನ್ನಡಿ ಮುಂದೆ ಮಾಡಿ ನೋಡ್ತಿದ್ದೆ, ಅವಳಿಗೆ ಮಾಡಿ ತೋರಿಸೋಕೆ. ಲೀಲಮ್ಮ ನೋಡಿ ನಕ್ಕಿದ್ದೇ ನಕ್ಕಿದ್ದು.

ಒಂದು ದಿನ... ಇದನ್ನ ಇವರಿಗೂ ಹೇಳಿಲ್ಲ. ಟ್ರಾಮಲ್ಲಿ ಎದುರಿಗೆ ಒಬ್ಬಳು ಮಗೂನ ಕೂರಿಸ್ಕೊಂಡಿದ್ಲು. ಇವಳಷ್ಟೇ ಇತ್ತು. ಒಂದೂಮುಕ್ಕಾಲು ವರ್ಷ ಇರಬಹುದು. ಕೆಂಪು ಕೋಟು, ಒಂದು ಕಾಲಿನ ಬೂಟು ಕಳಚಿತ್ತು. ತಾಯಿಗೆ ಗೊತ್ತಿಲ್ಲ. ಆ ಪುಟ್ಟ ಕಾಲು, ಬಿಳೀ ಸಾಕ್ಸು... ನಾನು ಅದನ್ನೇ ನೋಡ್ತಿದ್ದೆ. ಅವರು ಇಳಿದ್ರು. ನಾನೂ ಇಳಿದೆ. ನನ್ನ ಸ್ಟಾಪ್ ಅಲ್ಲ ಅದು. ಅವರು ನಡೆದ್ರು, ನಾನೂ ಹಿಂದೆ ನಡೆದೆ. ಅಂಗಡಿಗೆ ಹೋದ್ರು, ನಾನು ಹೊರಗೆ ನಿಂತೆ. ಮತ್ತೆ ನಡೆದ್ರು. ಒಂದು ಮನೆ ಬಾಗಿಲ ಹತ್ತಿರ ಅವಳು ತಟಕ್ಕನೆ ತಿರುಗಿದ್ಲು. ಮಗೂನ ಎದೆಗೆ ಅವುಚಿಕೊಂಡು ನನ್ನನ್ನ ನೋಡಿದ್ಲು ಆಂಟಿ... ಕಳ್ಳಿಯನ್ನ ನೋಡೋ ಹಾಗೆ. ನಾನು ಬಗ್ಗಿ ಮಗು ಕಾಲು ತೋರಿಸಿ "ಶೂ, ಶೂ" ಅಂದೆ. ಅವಳು ಬಾಗಿಲು ಹಾಕ್ಕೊಂಡ್ಲು. ನಾನು ಎಲ್ಲಿದೀನಿ, ಹೇಗೆ ವಾಪಸ್ ಹೋಗೋದು ಒಂದೂ ಗೊತ್ತಿಲ್ಲ. ನಿಂತ ಜಾಗದಲ್ಲೇ...

ಬೇಡ, ಸೆರಗು ಬೇಡ, ನನ್ನ ಹತ್ತಿರ ಟಿಶ್ಯೂ ಇದೆ.

ಫೋನ್ ಮಾಡ್ತಿದ್ದೆನಲ್ಲ. ಮೊದಮೊದಲು ನೀವು ಇವಳ ಕೈಗೆ ಕೊಡ್ತಿದ್ರಿ. ನನ್ನ ದನಿ ಕೇಳಿದ್ರೆ ಕಿರುಚಿ ಕಿರುಚಿ ಅಳೋಳು. ಆಮೇಲೆ ಇಡೀ ರಾತ್ರಿ ಅಳ್ತಾಳೆ, ಹಾಲೂ ಮುಟ್ಟಲ್ಲ ಅಂತ ಇವರು ಹೇಳಿದ್ರು. ಸರಿ, ಕೊಡಬೇಡಿ ಅಂತ ನಾನೇ ಹೇಳ್ದೆ. ನಾನೇ ಹೇಳಿದ್ದು, ನಿಮ್ಮದೇನಿಲ್ಲ ಅದರಲ್ಲಿ. ಇವರು ಮನೆಗೆ ಬರೋದೇ ಮಗು ಮಲಗೋ ಹೊತ್ತು ಕಳೆದ್ಮೇಲೆ. ಮತ್ತೆ ಎಬ್ಬಿಸಿ ಕೆಳಗೆ ಕರ್ಕೊಂಡು ಹೋಗೋದು ಯಾಕೆ, ಮೇಲೇ ಇರಲಿ ಅಂದ್ರಿ. ಸರಿಯಾಗೇ ಅಂದ್ರಿ. ಆಮೇಲಾಮೇಲೆ ನಾನು ಯಾವಾಗ ಮಾಡಿದ್ರೂ, ಬೆಳಿಗ್ಗೆ ಮಾಡಿದ್ರೂ ಸಂಜೆ ಮಾಡಿದ್ರೂ, "ಮಲಗವ್ಳೆ ಕಣವ್ವ" ಅನ್ನೋರು ನೀವು. ಎಷ್ಟು ನಿದ್ದೆ ಮಾಡ್ತಾಳಪ್ಪ ಇವಳು ಅಂದ್ಕೊಂಡೆ. ಬೆಳೆಯೋ ಮಗು, ಮಾಡಲಿ ಅಂದ್ಕೊಂಡೆ.

ಹೂಂ, ಈಗ ಚೆನ್ನಾಗಿದಾಳೆ. ಬಹಳ ಚೆನ್ನಾಗಿದಾಳೆ. ದಪ್ಪ ಆಗಿದಾಳೆ, ಕೆನ್ನೆ ತುಂಬ್ಕೊಂಡಿದೆ. ಮತ್ತೆ ಮಾತು! ನಾನು ಹೋಗುವಾಗ ನಾಲ್ಕು ಪದ ಬರ್ತಿತ್ತು ಅವಳಿಗೆ. ಈಗ ನೋಡಬೇಕು! ನೀವು ನೋಡಿದೀರಲ್ಲ, ನಿಮ್ಮಿಂದಲೇ ತಾನೆ ಕಲಿತಿದ್ದು. "ನಂಗ್ ಬ್ಯಾಡ." "ಒಸಿ ತಾಳು." ಅಪ್ಪಟ ನಿಮ್ಮ ನಂಜನಗೂಡು! ತುಮಕೂರಿನ ನಮ್ಮಮ್ಮ ಫೋನಲ್ಲಿ ಕೇಳಿ, ಇದು ಯಾರ ಮನೆ ಮಗುನೇ ಅಂತ... ನಕ್ಕಿದ್ದೇ ನಕ್ಕಿದ್ದು. ನಾನೂ ನಕ್ಕೆ.

ಏರ್‌ಪೋರ್ಟಲ್ಲಾ? ನೆವಾರ್ಕಿಗೆ ಇವರು ಕರ್ಕೊಂಡು ಬಂದಿದ್ರಲ್ಲ. ಬಂದವಳೇ ನನ್ನ ಕತ್ತಿಗೆ ಜೋತುಬಿದ್ಲು! ಬಿಡ್ತಾನೇ ಇಲ್ಲ. ಕಾರಲ್ಲಿ ಸೀಟಲ್ಲಿ ಕೂರಲ್ಲ, ನನ್ನ ತೊಡೇನೇ ಬೇಕು ಅಂತ ಹಟ. ಮನೆಗೆ ಬಂದು ನನ್ನ ಪಕ್ಕದಲ್ಲೇ ಮಲಗಿದ್ಲು. ಊಟ ನನ್ನ ಕೈಯಿಂದಲೇ ಆಗಬೇಕು. ನಿದ್ದೆ ಅಂತೂ... ಹೀಗೆ ತಟ್ಟಿದ್ರೆ ಸಾಕು. ಏನೂ ತೊಂದರೆ ಇಲ್ಲ ಆಂಟಿ. ಮಕ್ಕಳಿಗೆ ತಾಯಿ ಮೈ ವಾಸನೆ ಮರೆಯುತ್ತಾ? ಅದೇ ಹೇಳಿದೆ ಇವರಿಗೂ. ನೀವು ಸುಮ್ನೆ ಹೆದರ್ತಿದ್ರಿ...

ಏನು?

ಏನಾದ್ರೂ ಹೇಳಿ ಆಂಟಿ. ಇಷ್ಟೊತ್ತು ಹೂಂ ಹೂಂ ಅಂತಾದ್ರೂ ಅಂತಿದ್ರಿ. ಯಾಕೆ ಹಾಗೆ ನೆಲ ನೋಡ್ತೀರಾ? ಏನಿದೆ ನೆಲದಲ್ಲಿ?

ಈ ಕಂಬಳಿ ಯಾಕೆ ಇಲ್ಲಿ ಹಾಸಿದೀರಾ? ಅಡುಗೆಮನೆ ತನಕ... ಬಚ್ಚಲ ಬಾಗಿಲ ತನಕ. ಕಾಲಿಗೆ ಎರಡೆರಡು ಸಾಕ್ಸು. ಚಳಿಗಾ? ಹೀಟರ್ ಉರೀತಿದೆಯಲ್ಲ. ಮತ್ತೆ ಯಾಕೆ...

ಓ.

ಅದಕ್ಕೇನಾ? ನಾಲ್ಕು ದಿನದಿಂದ ಮೇಲೆ ಒಂದು ಹೆಜ್ಜೆ ಸದ್ದಿಲ್ಲ. ಕುಕ್ಕರ್ ಕೂಗಿಲ್ಲ. ಬಾಗಿಲು ಹಾಕಿದ ಸದ್ದೂ ಇಲ್ಲ. ಭಾನುಮತಿ ಆಂಟಿ ಊರಲ್ಲಿಲ್ವೇನೋ, ರಾಜ್ ಎಲ್ಲಿಗಾದ್ರೂ ಕರ್ಕೊಂಡು ಹೋಗಿರಬೇಕು ಅಂದ್ರು ಇವರು. ನಾನೂ ಒಳ್ಳೇದೇ ಆಯ್ತು ಅಂದ್ಕೊಂಡೆ. ಈಗ ನೀವು ಬಾಗಿಲು ತೆಗೆದಾಗ, ಇವತ್ತು ವಾಪಸ್ ಬಂದಿರಬೇಕು ಅಂದ್ಕೊಂಡೆ. ನೀವು ಇಲ್ಲೇ ಇದ್ರಾ? ಕಂಬಳಿ ಹಾಸ್ಕೊಂಡು, ತುದಿಗಾಲಲ್ಲಿ ನಡ್ಕೊಂಡು, ಈ ಮನೆಯಲ್ಲಿ ನೀವು ಇದೀರ ಅಂತ ಅವಳಿಗೆ ಗೊತ್ತಾಗಬಾರದು ಅಂತ...

ಹಾಗಾದ್ರೆ ನಿಮಗೆ ಕೇಳಿಸ್ತಿತ್ತು.

ಹೇಳಿ ಆಂಟಿ. ಕೇಳಿಸ್ತಿತ್ತು ತಾನೆ? ಈ ಮರದ ನೆಲದಲ್ಲಿ ಕೆಮ್ಮಿದ್ರೂ ಕೇಳಿಸುತ್ತೆ. ನಾಲ್ಕು ದಿನವೂ ಕೇಳಿಸ್ತಿತ್ತು. ಈಗ ನಾನು ಇಲ್ಲಿ ಕೂತು ತಟ್ಟಿದ್ರೆ ನಿದ್ದೆ ಮಾಡ್ತಾಳೆ, ನನ್ನ ಕೈಯಿಂದಲೇ ಉಣ್ತಾಳೆ ಅಂತ ಹೇಳುವಾಗಲೂ ನಿಮಗೆ ಎಲ್ಲಾ ಗೊತ್ತಿತ್ತು. ಆದ್ರೂ ಹೂಂ ಅಂತಿದ್ರಿ.

ಅಳಬೇಡಿ. ನೀವು ಅತ್ರೆ ನಾನು ಏನು ಮಾಡಲಿ?

ಅವಳು ಮಲಗಿಲ್ಲ ಆಂಟಿ. ಬಾಗಿಲ ಹತ್ತಿರ ಕೂತಿದಾಳೆ. ಬಂದ ದಿನದಿಂದ ಅಲ್ಲೇ. ಶೂ ಬಿಚ್ಚೋಕೆ ಬಿಡಲ್ಲ. ಮೇಲೆ ಬೆರಳು ತೋರಿಸ್ತಾಳೆ. ಅತ್ತು ಅತ್ತು ಅಲ್ಲೇ ಬಾಗಿಲಿಗೆ ಒರಗಿ ನಿದ್ದೆ ಹೋಗ್ತಾಳೆ, ಎತ್ತಿ ಮಲಗಿಸಿದ್ರೆ ಎದ್ದು ಮತ್ತೆ ಅಲ್ಲಿಗೇ ಹೋಗ್ತಾಳೆ. ಏರ್‌ಪೋರ್ಟಲ್ಲಿ ನಾನು ಕೈ ಚಾಚಿದೆ. ಇವರ ಕತ್ತು ಗಟ್ಟಿ ಹಿಡ್ಕೊಂಡು ಮುಖ ತಿರುಗಿಸಿದ್ಲು. ಪರವಾಗಿಲ್ಲ, ಹೊಸ ಮುಖ, ಒಂದು ಗಂಟೆಯಲ್ಲಿ ಸರಿಹೋಗುತ್ತೆ ಅಂದ್ರು ಇವರು. ಹೊಸ ಮುಖ! ಹಿಮಕರಡಿ ಮಾಡಿ ತೋರಿಸಿದೆ. ಇವಳಿಗೋಸ್ಕರ ಅಭ್ಯಾಸ ಮಾಡಿದ್ದೆನಲ್ಲ? ಹೆದರಿ ಸೋಫಾ ಹಿಂದೆ ಹೋದ್ಲು.

ನಿನ್ನೆ ಒಂದು ಸಲ ನನ್ನ ಹತ್ತಿರ ಬಂದ್ಲು. ತಾನಾಗೇ ಬಂದ್ಲು. ಲೋಟ ಹಿಡ್ಕೊಂಡು ಬಂದು, ಬಹಳ ಮರ್ಯಾದೆಯಿಂದ, ನೀವು ಕಲಿಸಿದ್ದೇ ಇರಬೇಕು...

"ಆಂಟಿ, ನೀರು" ಅಂದ್ಲು.

ನನಗೆ. ಆಂಟಿ ಅಂತ. ಈ ಊರಲ್ಲಿ ಗೊತ್ತಿಲ್ಲದ ಹೆಂಗಸರಿಗೆಲ್ಲ ಆಂಟಿ ಅನ್ನು ಅಂತ ನಾವೇ ಹೇಳ್ಕೊಟ್ಟಿದ್ದು. ಕೊಟ್ಟೆ ನೀರು. ಕುಡಿದು ಲೋಟ ವಾಪಸ್ ಕೊಟ್ಟು ಬಾಗಿಲ ಹತ್ತಿರ ಹೋಗಿ ಕೂತ್ಲು.

ಅಮ್ಮ ಅಂತ ನಿಮ್ಮನ್ನ ಕರೀತಾಳೆ ಅಂತ ನನಗೆ ಗೊತ್ತು. ಇವರು ಹೇಳಿದಾರೆ. ರಾಜ್ ಕರೆಯೋದನ್ನ ಕೇಳಿ ಕಲಿತಿದ್ದು. ನೀವು ಬೇಡ ಬೇಡ, ಅಜ್ಜಿ ಅನ್ನು ಅಂತ ಎಷ್ಟೋ ಸಲ ತಿದ್ದಿದ್ರಂತೆ. ನಿಮ್ಮ ತಪ್ಪಲ್ಲ. ರಾಜ್ ತಪ್ಪಲ್ಲ. ಇವರದ್ದಲ್ಲ, ಅವಳದ್ದಂತೂ ಅಲ್ಲವೇ ಅಲ್ಲ. ಯಾರ ಮೇಲೆ ಕೋಪ ಮಾಡ್ಕೊಳ್ಳಲಿ ನಾನು?

ನಿಮ್ಮನ್ನ ಕರೀತೀನಿ ಅಂತ ಇವರು ಮೊದಲ ದಿನವೇ ಹೊರಟ್ರು. ನಾನು ಬಿಡಲಿಲ್ಲ. ಆಂಟಿ ಬಂದ್ರೆ ಇವಳು ಇನ್ನು ನನ್ನ ಹತ್ತಿರ ಯಾವತ್ತೂ ಬರಲ್ಲ, ಎರಡು ದಿನ ಅಳಲಿ, ಸರಿಹೋಗ್ತಾಳೆ ಅಂದೆ. ನೀವೂ ಹಾಗೇ ಅಂದ್ಕೊಂಡ್ರಾ? ಅದಕ್ಕೇ ಸದ್ದು ಮಾಡದೆ ಕೂತಿದ್ರಾ? ಇಬ್ಬರೂ ಅವಳಿಗೆ ಒಳ್ಳೇದಾಗಲಿ ಅಂತಾನೇ... ಎರಡು ಕಡೆಯಿಂದಲೂ ಅವಳ ಅಮ್ಮನ್ನ ಕಿತ್ಕೊಂಡ್ವಿ ನಾವು.

ನಿನ್ನೆಯಿಂದ ಊಟ ಬಿಟ್ಟಿದಾಳೆ ಆಂಟಿ. ಅದಕ್ಕೇ ಬಂದೆ ನಾನು. ಚಾಕೊಲೇಟ್ ಕೊಡೋಕಲ್ಲ. ವಿಯೆನ್ನಾ ಕಥೆ ಹೇಳೋಕಲ್ಲ. ಅನ್ನಕ್ಕೆ ಏನು ಕಲಿಸ್ತೀರಾ, ಮಲಗಿಸುವಾಗ ಏನು ಹೇಳ್ತೀರಾ, ಕೇಳ್ಕೊಂಡು ಹೋಗೋಣ ಅಂತ ಬಂದೆ. ಕೇಳೋಕೆ ಬಾಯಿ ಬರಲಿಲ್ಲ. ನನ್ನ ಮಗೂಗೆ ಏನು ಇಷ್ಟ ಅಂತ ಇನ್ನೊಬ್ಬರ ಮನೆಗೆ ಬಂದು ಹೇಗೆ ಕೇಳಲಿ? ಅದಕ್ಕೇ ಕುದುರೆ ಗಾಡಿ, ಅರಮನೆ, ರಾಣಿ...

ಏನು? ಏನು ಕೇಳಿಸ್ತು?

...ಹೂಂ. ಅವಳೇ. ಬಾಗಿಲು ಬಡೀತಿದಾಳೆ. ಇವರು ಸಮಾಧಾನ ಮಾಡ್ತಿದಾರೆ, ಕೇಳಿಸ್ತಾ? ಇನ್ನು ನಿಲ್ಲಲ್ಲ ಅದು.

ನನ್ನನ್ನ ಯಾಕೆ ನೋಡ್ತೀರಾ? ಹೋಗು ಅಂತ ಯಾಕೆ ಕೈ ಮಾಡ್ತೀರಾ? ಅಮ್ಮಾ ಅಂತಿದಾಳೆ, ಹೌದು. ನನಗೂ ಕಿವಿ ಇದೆ, ಕೇಳಿಸ್ತಿದೆ. ನನ್ನನ್ನಲ್ಲ ಆಂಟಿ, ಅವಳು ಕರೀತಿರೋದು.

ಏಳಿ. ಕೈ ಕೊಡಿ, ಎಬ್ಬಿಸ್ತೀನಿ. ಮೆಟ್ಟಿಲಲ್ಲಿ ನಿಧಾನ, ಮಂಜು ಬಿದ್ದು ಜಾರುತ್ತೆ. ನೀವು ಮುಂದೆ ಹೋಗಿ. ನಾನು ನಿಮ್ಮ ಹಿಂದೆಯೇ ಬರ್ತೀನಿ... ಅವಳಿಗೆ ಕಾಣದ ಹಾಗೆ.